ಏಳು ಜನರ ಸಹಿ: ಜರ್ಮನಿಯಲ್ಲಿ ಕನ್ನಡ ಸಂಘವನ್ನು ನೋಂದಾಯಿಸುವ ಬಗೆ



ಕಳೆದ ಯುಗಾದಿ ಕಾರ್ಯಕ್ರಮಕ್ಕೆ ಪಕ್ಕದ ಊರಿನಿಂದ ಬಂದಿದ್ದ ಸ್ನೇಹಿತರು, "ನಾವೂ ನಮ್ಮೂರಲ್ಲಿ ಒಂದು ಸಂಘ ಕಟ್ಟೋಣ ಅಂತಿದ್ದೀವಿ, ಎಲ್ಲಿಂದ ಶುರು ಮಾಡೋದು?" ಎಂದು ಕೇಳಿದರು. ಊಟದ ಸಾಲಿನಲ್ಲಿ ನಿಂತು ಹೇಳಿ ಮುಗಿಸುವ ವಿಷಯವಲ್ಲ ಇದು. ನಮ್ಮ ಸಂಘದ ನೋಂದಣಿಗೆ ಓಡಾಡಿದವರಲ್ಲಿ ನಾನೂ ಒಬ್ಬನಾದ್ದರಿಂದ, ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನೋಂದಣಿ ಯಾಕೆ ಬೇಕು?

"ವರ್ಷಕ್ಕೆ ಮೂರು ಕಾರ್ಯಕ್ರಮ ಮಾಡೋದಕ್ಕೆ ಕೋರ್ಟು ಕಚೇರಿ ಯಾಕೆ?" ಎಂದು ಮೊದಲು ನಾನೂ ಕೇಳಿದ್ದೆ. ನೋಂದಣಿಗೆ ಮುಂಚೆ ಒಂದು ರಾಜ್ಯೋತ್ಸವಕ್ಕೆ ಸಭಾಂಗಣದ ಕರಾರಿಗೆ ನಮ್ಮ ಗೆಳೆಯರೊಬ್ಬರು ತಮ್ಮ ಹೆಸರಿನಲ್ಲೇ ಸಹಿ ಹಾಕಿದ್ದರು. ನಾಟಕದ ಸಾಮಾನು ಎಳೆದಾಡುವಾಗ ಮರದ ನೆಲಹಾಸು ಗೀಚಿಹೋಯಿತು. ಒಂಬೈನೂರು ಯೂರೋ ಬಿಲ್ಲು ಅವರ ಮನೆಗೆ ಬಂತು. ನಾವೆಲ್ಲ ಸೇರಿ ಒಂದಿಷ್ಟು ಕೂಡಿಸಿದೆವು, ಉಳಿದದ್ದನ್ನು ಅವರೇ ತೆತ್ತರು. ಒಂದು ಮಾತೂ ಆಡಲಿಲ್ಲ. ಆದರೆ ಮರುವರ್ಷದಿಂದ ಯಾವ ಕೆಲಸಕ್ಕೂ ಮುಂದೆ ಬರಲಿಲ್ಲ. ನಾವು ಕಳೆದುಕೊಂಡದ್ದು ಒಬ್ಬ ಒಳ್ಳೆಯ ಕೆಲಸಗಾರನನ್ನು.

ಜರ್ಮನ್ ಕಾನೂನು ಹೇಳುವುದೂ ಅದನ್ನೇ. ನೋಂದಣಿಯಾಗದ ಸಂಘದ ಹೆಸರಿನಲ್ಲಿ ವ್ಯವಹಾರ ಮಾಡಿದವನು ಅದಕ್ಕೆ ವೈಯಕ್ತಿಕವಾಗಿ ಹೊಣೆ. ನೋಂದಣಿಯಾದ ಸಂಘ, ಅಂದರೆ 'ಐನ್‌ಗೆಟ್ರಾಗೆನರ್ ಫೆರೈನ್', ಕಾನೂನಿನ ಕಣ್ಣಿನಲ್ಲಿ ತಾನೇ ಒಬ್ಬ ವ್ಯಕ್ತಿ. ಕರಾರು, ಬ್ಯಾಂಕ್ ಖಾತೆ, ಸಾಲ, ಎಲ್ಲವೂ ಸಂಘದ ಹೆಸರಿನಲ್ಲೇ. ಸಂಬಳವಿಲ್ಲದೆ ದುಡಿಯುವ ಪದಾಧಿಕಾರಿಯಿಂದ ಸಂಘಕ್ಕೆ ನಷ್ಟವಾದರೆ, ಅದು ಉದ್ದೇಶಪೂರ್ವಕವಾಗಿದ್ದರೆ ಅಥವಾ ತೀರಾ ಬೇಜವಾಬ್ದಾರಿಯಿಂದ ಆಗಿದ್ದರೆ ಮಾತ್ರ ಆತ ಹೊಣೆ. ಸಂಘದ ಹೆಸರಿನ ಕೊನೆಯಲ್ಲಿ ಬರುವ 'ಎ.ಫೌ.' ಎಂಬ ಎರಡಕ್ಷರದ ಬೆಲೆ ಇದು. ಫ್ರಾಂಕ್‌ಫರ್ಟ್ ಕಡೆಯ ರೈನ್ ಮೈನ್ ಕನ್ನಡ ಸಂಘ, ಮ್ಯೂನಿಕ್‌ನ ಸಿರಿಗನ್ನಡಕೂಟ ಇಂಥ ನೋಂದಾಯಿತ ಸಂಘಗಳೇ.

ಮೊದಲ ಹೆಜ್ಜೆ: ನಿಯಮಾವಳಿ

ನೋಂದಣಿಗೆ ಕನಿಷ್ಠ 7 ಸದಸ್ಯರು ಬೇಕು. ನಮ್ಮ ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯೂ ಏಳು ಜನರನ್ನೇ ಕೇಳುತ್ತದೆ. ಇಲ್ಲಿನ ನಿಯಮ 1900ರ ಜನವರಿ 1ರಂದು ಜಾರಿಗೆ ಬಂದ ಜರ್ಮನ್ ನಾಗರಿಕ ಸಂಹಿತೆಯಲ್ಲಿದೆ. ಮುಂದೆ ಸದಸ್ಯರ ಸಂಖ್ಯೆ ಮೂರಕ್ಕಿಂತ ಕಡಿಮೆಯಾದರೆ ನ್ಯಾಯಾಲಯ ಸಂಘದ ಕಾನೂನು ಮಾನ್ಯತೆಯನ್ನು ಹಿಂತೆಗೆದುಕೊಳ್ಳುತ್ತದೆ.

'ಸಾಟ್ಸುಂಗ್' ಎಂದು ಕರೆಯುವ ನಿಯಮಾವಳಿ ಜರ್ಮನ್ ಭಾಷೆಯಲ್ಲಿರಲಿ. ಅದರಲ್ಲಿ ಇರಬೇಕಾದವು:

1. ಸಂಘದ ಹೆಸರು, ಊರು, ಉದ್ದೇಶ, ಮತ್ತು ಸಂಘವನ್ನು ನೋಂದಾಯಿಸಲಾಗುವುದು ಎಂಬ ಮಾತು. ಅದೇ ಊರಿನ ಇನ್ನೊಂದು ಸಂಘದ ಹೆಸರಿಗಿಂತ ನಿಮ್ಮದು ಸ್ಪಷ್ಟವಾಗಿ ಬೇರೆಯಾಗಿರಬೇಕು.
2. ಸದಸ್ಯರು ಸೇರುವ ಮತ್ತು ಬಿಡುವ ಬಗೆ, ಸದಸ್ಯತ್ವ ಶುಲ್ಕ ಇದೆಯೋ ಇಲ್ಲವೋ.
3. ಕಾರ್ಯಕಾರಿ ಮಂಡಳಿಯಲ್ಲಿ ಯಾರ್ಯಾರು.
4. ಸರ್ವಸದಸ್ಯರ ಸಭೆ ಕರೆಯುವುದು ಹೇಗೆ, ನಡಾವಳಿ ಬರೆದಿಡುವುದು ಹೇಗೆ.

ಸಂಘಕ್ಕೆ ತೆರಿಗೆ ರಿಯಾಯಿತಿ ಬೇಕಿದ್ದರೆ ('ಗೆಮೈನ್‌ನ್ಯುಟ್ಸಿಗ್', ಅಂದರೆ ಸಾರ್ವಜನಿಕ ಹಿತದ ಸಂಘ) ಇಷ್ಟು ಸಾಲದು. ತೆರಿಗೆ ಸಂಹಿತೆಯ ಅನುಬಂಧದಲ್ಲಿ ಮಾದರಿ ನಿಯಮಾವಳಿ ಇದೆ. ಅದರ ವಾಕ್ಯಗಳನ್ನು ಇದ್ದಂತೆಯೇ ಬಳಸಿ, ಚೆಂದ ಮಾಡಲು ಹೋಗಬೇಡಿ. ಉದ್ದೇಶ ಕಾನೂನಿನ ಪಟ್ಟಿಯಲ್ಲಿರುವಂಥದ್ದಾಗಿರಬೇಕು. ಕಲೆ ಮತ್ತು ಸಂಸ್ಕೃತಿ, ದೇಶ ದೇಶಗಳ ನಡುವಿನ ಸೌಹಾರ್ದ, ಎರಡೂ ಆ ಪಟ್ಟಿಯಲ್ಲಿವೆ. ಸಂಘ ಎಲ್ಲರಿಗೂ ತೆರೆದಿರಬೇಕು. ಒಂದು ಕುಟುಂಬಕ್ಕೋ ಒಂದು ಸಣ್ಣ ಬಳಗಕ್ಕೋ ಸೀಮಿತವಾದರೆ ರಿಯಾಯಿತಿ ಇಲ್ಲ.

ನಾವು ಎಡವಿದ್ದು ಕೊನೆಯ ಕಲಮಿನಲ್ಲಿ. ಸಂಘ ಮುಚ್ಚಿದರೆ ಉಳಿದ ಹಣ ಯಾರಿಗೆ? "ಊರಿನ ಶಾಲೆಗೆ ಕೊಡೋಣ" ಎಂದು ಪ್ರೀತಿಯಿಂದ ಕರ್ನಾಟಕದ ಒಂದು ಶಾಲೆಯ ಹೆಸರು ಬರೆದಿದ್ದೆವು. ತೆರಿಗೆ ಕಚೇರಿ ಒಪ್ಪಲಿಲ್ಲ. ಆ ಹಣ ತೆರಿಗೆ ರಿಯಾಯಿತಿ ಪಡೆದ ಇನ್ನೊಂದು ಸಂಸ್ಥೆಗೋ ಇಲ್ಲಿನ ಸಾರ್ವಜನಿಕ ಸಂಸ್ಥೆಗೋ ಹೋಗುವಂತೆ ಬರೆಯಬೇಕಿತ್ತು. ಕರಡನ್ನು ಸ್ಥಾಪನಾ ಸಭೆಗೆ ಮೊದಲೇ ತೆರಿಗೆ ಕಚೇರಿಗೆ ಕಳಿಸಿ ಕೇಳಿದ್ದರೆ ಎರಡನೇ ಸಭೆ ಉಳಿಯುತ್ತಿತ್ತು. ನೀವು ಹಾಗೆ ಮಾಡಿ.

ಎರಡನೇ ಹೆಜ್ಜೆ: ಸಭೆ, ನೋಟರಿ, ನ್ಯಾಯಾಲಯ

ಸ್ಥಾಪನಾ ಸಭೆಯಲ್ಲಿ ನಿಯಮಾವಳಿ ಒಪ್ಪಿ, ಮಂಡಳಿಯನ್ನು ಆರಿಸಿ, ನಡಾವಳಿ ಬರೆಯಿರಿ. ನಿಯಮಾವಳಿಗೆ ದಿನಾಂಕ ಹಾಕಿ, ಕನಿಷ್ಠ ಏಳು ಜನ ಸಹಿ ಮಾಡಲಿ. ಆಮೇಲೆ ಮಂಡಳಿಯವರು ನೋಟರಿ ಮುಂದೆ ನೋಂದಣಿ ಅರ್ಜಿಗೆ ಸಹಿ ಹಾಕಬೇಕು. ಅರ್ಜಿ, ನಿಯಮಾವಳಿಯ ಪ್ರತಿ, ನಡಾವಳಿಯ ಪ್ರತಿ, ಮೂರೂ ಸ್ಥಳೀಯ ನ್ಯಾಯಾಲಯಕ್ಕೆ ('ಆಮ್ಟ್ಸ್‌ಗೆರಿಷ್ಟ್') ಹೋಗುತ್ತವೆ.

ಇಲ್ಲಿ ನಮ್ಮಂಥವರು ಗಮನಿಸಬೇಕಾದ ಒಂದು ಮಾತಿದೆ. ಸದಸ್ಯರು ಅಥವಾ ಪದಾಧಿಕಾರಿಗಳಲ್ಲಿ ಹೆಚ್ಚಿನವರು ಐರೋಪ್ಯ ಒಕ್ಕೂಟದ ಹೊರಗಿನ ಪ್ರಜೆಗಳಾಗಿದ್ದರೆ ಅದು 'ವಿದೇಶೀಯರ ಸಂಘ'. ಸ್ಥಾಪನೆಯಾದ ಎರಡು ವಾರದೊಳಗೆ ಊರಿನ ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸುವುದು ಮಂಡಳಿಯ ಹೊಣೆ. ಇದು ನ್ಯಾಯಾಲಯದ ನೋಂದಣಿಯಿಂದ ಬೇರೆಯಾದ ಕೆಲಸ, ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಮೂರನೇ ಹೆಜ್ಜೆ: ತೆರಿಗೆ ಮತ್ತು ಲೆಕ್ಕ

ನಿಯಮಾವಳಿ ಸರಿಯಿದ್ದರೆ ತೆರಿಗೆ ಕಚೇರಿ ('ಫಿನಾನ್ಸ್‌ಆಮ್ಟ್') ಒಂದು ಮಾನ್ಯತಾ ಪತ್ರ ಕೊಡುತ್ತದೆ. ಅದು ಬಂದ ಮೇಲೆಯೇ ದೇಣಿಗೆ ರಸೀದಿ. ಆಮೇಲೆ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ನಿಯಮಾವಳಿಯಲ್ಲಿ ಬರೆದಂತೆಯೇ ನಡೆದುಕೊಂಡಿದ್ದೀರಾ ಎಂದು ಅವರು ನೋಡುತ್ತಾರೆ.

ಖಜಾಂಚಿಗಳು ನೆನಪಿಡಬೇಕಾದದ್ದು: ಬಿಸಿಬೇಳೆಬಾತ್ ಕೂಪನ್ನಿಗೆ ಕೊಟ್ಟ ಹಣ ದೇಣಿಗೆಯಲ್ಲ, ಅದಕ್ಕೆ ಪ್ರತಿಯಾಗಿ ಊಟ ಸಿಕ್ಕಿದೆ. ಟಿಕೆಟ್ಟೂ ಹಾಗೆಯೇ. ಹಾಡು, ನಾಟಕದಂಥ ಹವ್ಯಾಸವೇ ಮುಖ್ಯವಾದ ಸಂಘಗಳಲ್ಲಿ ಸದಸ್ಯತ್ವ ಶುಲ್ಕವನ್ನೂ ಸದಸ್ಯರು ತಮ್ಮ ತೆರಿಗೆಯಲ್ಲಿ ಕಳೆಯುವಂತಿಲ್ಲ. 300 ಯೂರೋವರೆಗಿನ ದೇಣಿಗೆಗೆ ಬ್ಯಾಂಕಿನ ಪುರಾವೆ ಮತ್ತು ಸಂಘದ ಸರಳ ಚೀಟಿ ಸಾಕು. ಬೇಜವಾಬ್ದಾರಿಯಿಂದ ತಪ್ಪು ರಸೀದಿ ಬರೆದುಕೊಟ್ಟರೆ ಮಾತ್ರ ಆ ಮೊತ್ತದ ಶೇ. 30ರಷ್ಟು ತೆರಿಗೆಗೆ ಹೊಣೆ ಬೀಳುತ್ತದೆ. "ನಮ್ಮೋರೇ ಅಲ್ವಾ, ಒಂದು ರಸೀದಿ ಕೊಡಿ" ಎನ್ನುವವರಿಗೆ ನಗುತ್ತಲೇ ಆಗುವುದಿಲ್ಲ ಎನ್ನಿ.

ಕಾರ್ಯಕ್ರಮದ ಟಿಕೆಟ್ಟಿನ ಹಣ ಒಂದು ಲೆಕ್ಕ, ಊಟ ತಿಂಡಿ ಮಾರಿದ ಹಣ ಇನ್ನೊಂದು ಲೆಕ್ಕ. ಮೊದಲನೆಯದು ಸಂಘದ ಉದ್ದೇಶಕ್ಕೆ ಸೇರುತ್ತದೆ, ಎರಡನೆಯದನ್ನು ವ್ಯಾಪಾರವೆಂದು ಎಣಿಸುತ್ತಾರೆ. ಮೊದಲ ದಿನದಿಂದಲೇ ಬೇರೆ ಬೇರೆ ಬರೆದಿಡಿ. ಚಿತ್ರಗೀತೆ ಹಾಡಿಸುವುದಿದ್ದರೆ ಕಾರ್ಯಕ್ರಮಕ್ಕೆ ಮೊದಲೇ 'ಗೇಮಾ' ಸಂಸ್ಥೆಗೆ ತಿಳಿಸುವುದನ್ನು ಮರೆಯಬೇಡಿ.

ಆಮೇಲೆ?

ಮಂಡಳಿ ಬದಲಾದಾಗಲೆಲ್ಲ ಮತ್ತೆ ನೋಟರಿ ಮೂಲಕ ನ್ಯಾಯಾಲಯಕ್ಕೆ ತಿಳಿಸಬೇಕು. ಹಳೆಯ ಅಧ್ಯಕ್ಷರು ಕೆಲಸ ಸಿಕ್ಕಿ ಬೇರೆ ದೇಶಕ್ಕೆ ಹೋಗಿಬಿಟ್ಟಿದ್ದು, ದಾಖಲೆಯಲ್ಲಿ ಇನ್ನೂ ಅವರ ಹೆಸರೇ ಇದ್ದರೆ ಬ್ಯಾಂಕಿನಲ್ಲಿ ಪೇಚಾಟ ತಪ್ಪದು. ಸದಸ್ಯರೆಲ್ಲ ಒಂದೆಡೆ ಸೇರುವುದು ಕಷ್ಟವೇ? 2023ರ ಮಾರ್ಚ್‌ನಿಂದ, ಸಭೆ ಕರೆಯುವಾಗಲೇ ಹೇಳಿದ್ದರೆ, ದೂರದಲ್ಲಿರುವವರು ಕಂಪ್ಯೂಟರಿನ ಮೂಲಕವೂ ಭಾಗವಹಿಸಿ ಮತ ಹಾಕಬಹುದು.

ಇಷ್ಟನ್ನೂ ಓದಿ ಹೆದರಬೇಡಿ. ನಮ್ಮ ಏಳು ಜನರಲ್ಲಿ ವಕೀಲರು ಒಬ್ಬರೂ ಇರಲಿಲ್ಲ. ನೋಂದಣಿ ಪತ್ರ ಕೈಗೆ ಬಂದ ದಿನ ನಾನು ಮೊದಲು ಫೋನ್ ಮಾಡಿದ್ದು, ನೆಲಹಾಸಿನ ಬಿಲ್ಲು ತೆತ್ತಿದ್ದ ಆ ಗೆಳೆಯರಿಗೆ. "ಇನ್ನು ಮೇಲೆ ಸಹಿ ಸಂಘದ್ದು, ಬನ್ನಿ" ಎಂದೆ. ಆ ವರ್ಷದ ರಾಜ್ಯೋತ್ಸವದಲ್ಲಿ ಕುರ್ಚಿ ಜೋಡಿಸಲು ಎಲ್ಲರಿಗಿಂತ ಮೊದಲು ಬಂದವರು ಅವರೇ.

ನಿಮ್ಮೂರಲ್ಲೂ ಒಂದು ಕನ್ನಡ ಸಂಘ ಹುಟ್ಟಲಿ. ಸಿರಿಗನ್ನಡಂ ಗೆಲ್ಗೆ!