ಪೆನ್ಸಿಲು ತೂರುವಷ್ಟು ತೂತು

ಬಿ.ಕಾಂ. ಓದುವವನಿಗೆ ಹುಳುವಿನ ಉಸಾಬರಿ ಯಾಕಪ್ಪಾ ಅಂತ ನೀವು ಕೇಳಬಹುದು. ಆದರೆ ಈ ಹುಳು ಬಂದದ್ದೇ ನಮ್ಮ ವ್ಯಾಪಾರದ ದಾರಿಯಿಂದ!

1996ರ ಆಗಸ್ಟ್ ತಿಂಗಳು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಗ್ರೀನ್‌ಪಾಯಿಂಟ್ ಎಂಬಲ್ಲಿ ಒಬ್ಬ ನಿವಾಸಿ ತನ್ನ ಮನೆಯೆದುರಿನ ಮೇಪಲ್ ಮರಗಳಲ್ಲಿ ದುಂಡನೆಯ ತೂತುಗಳನ್ನು ಕಂಡ. ಯಾರೋ ಪೋಕರಿಗಳು ಡ್ರಿಲ್ಲಿನಿಂದ ಕೊರೆದಿರಬೇಕೆಂದು ಮೊದಲು ಅನುಮಾನ. ಕೊರೆದದ್ದು ಏಷ್ಯಾದ ನೀಳಮೀಸೆಯ ಜೀರುಂಡೆ. ವೈಜ್ಞಾನಿಕ ಹೆಸರು ಅನೋಪ್ಲೊಫೋರಾ ಗ್ಲಾಬ್ರಿಪೆನ್ನಿಸ್. ಚೀನಾ, ಕೊರಿಯಾಗಳು ಅದರ ತವರು. ಸರಕಿನ ಮರದ ಪೆಟ್ಟಿಗೆಗಳೊಳಗೆ ಮರಿಹುಳುವಾಗಿ ಅಡಗಿ ಹಡಗಿನಲ್ಲಿ ಬಂತೆಂದು ತಜ್ಞರ ಅಭಿಪ್ರಾಯ.

ಅದನ್ನು ಗುರುತಿಸುವುದು ಹೇಗೆ? ಒಂದು, ಮೈ. ಒಂದರಿಂದ ಒಂದೂವರೆ ಇಂಚು ಉದ್ದ, ಮಿರಿಮಿರಿ ಕಪ್ಪು, ಮೇಲೆ ಅಡ್ಡಾದಿಡ್ಡಿ ಬಿಳಿ ಚುಕ್ಕೆ. ಎರಡು, ಮೀಸೆ. ಪಾಠದ ಭಾಷೆಯಲ್ಲಿ ಸ್ಪರ್ಶಾಂಗ. ಕಪ್ಪು ಬಿಳುಪು ಪಟ್ಟೆಗಳ ಈ ಮೀಸೆ ಹೆಣ್ಣಿನಲ್ಲಿ ಮೈಗಿಂತ ಸ್ವಲ್ಪ ಉದ್ದ, ಗಂಡಿನಲ್ಲಿ ಸುಮಾರು ಎರಡು ಪಟ್ಟು. ಮೂರು, ತೂತು. ಪೆನ್ಸಿಲು ಸಲೀಸಾಗಿ ತೂರುತ್ತದೆ. ಇದು ಒಳಗೆ ಹೋದ ತೂತಲ್ಲ, ಹೊರಗೆ ಬಂದ ತೂತು! ತೊಗಟೆಯಡಿ ಇಟ್ಟ ಮೊಟ್ಟೆಯಿಂದ ಬಂದ ಮರಿ ಒಂದೆರಡು ವರ್ಷ ಮರವನ್ನು ತಿಂದು, ರೆಕ್ಕೆ ಬಲಿತ ಮೇಲೆ ಹೀಗೆ ಹೊರಬೀಳುತ್ತದೆ. ಬುಡದಲ್ಲಿ ಮರದ ಪುಡಿ ಉದುರಿರುತ್ತದೆ.

ಆದರೆ ಅವಸರ ಬೇಡ. ಅಮೆರಿಕದ್ದೇ ಆದ ಒಂದು ಪೈನ್ ಮರದ ಜೀರುಂಡೆಯೂ ಕಪ್ಪಗೆ, ಉದ್ದ ಮೀಸೆಯದೇ. ಅದಕ್ಕೆ ಹೊಳಪು ಕಡಿಮೆ. ರೆಕ್ಕೆಗಳು ಕೂಡುವ ಬುಡದಲ್ಲಿ ಒಂದು ಬಿಳಿ ಚುಕ್ಕೆ ಇರುತ್ತದೆ. ಪಾಪ, ಅದು ಅಲ್ಲಿನ ನಿವಾಸಿ.

ಈಗ ಜಮಾ ಖರ್ಚು ನೋಡೋಣ. ಷಿಕಾಗೋದಲ್ಲಿ 1998ರಲ್ಲಿ ಸೌದೆ ಒಯ್ದವನೊಬ್ಬ ಈ ಹುಳು ಕಂಡು ವಿಚಾರಿಸಿದ. ಅಲ್ಲಿ ಸುಮಾರು 1,500 ಮರ ಕಡಿದರು. 2008ರಲ್ಲಿ ಹುಳು ನಿರ್ಮೂಲವಾಯಿತೆಂದು ಸಾರಿದರು. ವೂಸ್ಟರ್ ಪಟ್ಟಣದಲ್ಲಿ ಅದು ಪತ್ತೆಯಾದದ್ದು 2008ರಲ್ಲಿ, ಹಿತ್ತಲಲ್ಲಿ ಹುಳು ಕಂಡ ಒಬ್ಬ ಹೆಂಗಸಿನಿಂದ. ಬಂದು ಆಗಲೇ ಹತ್ತು ವರ್ಷವಾಗಿತ್ತೆಂದು ಆಮೇಲೆ ಅಂದಾಜಾಯಿತು. ಅಲ್ಲಿ 30,000ಕ್ಕೂ ಹೆಚ್ಚು ಮರ ಹೋದವು. ಆ ಹತ್ತು ವರ್ಷ ಎಷ್ಟು ಜನ ಆ ತೂತುಗಳನ್ನು ನೋಡಿ ಸುಮ್ಮನೆ ಹೋಗಿರಬಹುದು!

2002ರಲ್ಲಿ ಅಂತಾರಾಷ್ಟ್ರೀಯ ನಿಯಮ ಬಂತು. ರಫ್ತಿನ ಪೆಟ್ಟಿಗೆಯ ಮರವನ್ನು ಒಳತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಬೇಕು, ಇಲ್ಲವೇ ವಿಷದ ಹೊಗೆ ಕೊಡಬೇಕು; ತೆನೆಯ ಚಿತ್ರದ ಮುದ್ರೆ ಒತ್ತಬೇಕು. ಮೊನ್ನೆ ಅಪ್ಪನಿಗೆ ಊಟದ ಡಬ್ಬಿ ಕೊಡಲು ಗೋಡೌನಿಗೆ ಹೋದಾಗ ಪೆಟ್ಟಿಗೆಗಳ ಮೇಲೆ ಆ ಮುದ್ರೆ ಹುಡುಕಿದೆ. "ಹೊರಗೇನು ನೋಡ್ತೀಯೋ, ಮಾಲು ಒಳಗಿದೆ" ಅಂತ ಹಮಾಲರು ನಕ್ಕರು. ಹುಳವೂ ಒಳಗೇ ಇರ್ತದೆ ಅಂದೆ.

ನಮ್ಮ ಕಡೆಯೂ ಕಾಫಿಯ ಬಿಳಿ ಕಾಂಡಕೊರಕ, ಮಾವಿನ ಕಾಂಡಕೊರಕ ಇದೇ ನೀಳಮೀಸೆಯ ಕುಲದವು. ಆದ್ದರಿಂದ ಮೀಸೆ ಕಂಡ ತಕ್ಷಣ ಪರದೇಶಿ ಎನ್ನಬೇಡಿ. ರಜೆಯಲ್ಲಿ ಊರಿಗೆ ಹೋದಾಗ ಎಂದೂ ಕಾಣದ ಹುಳು ಕಂಡರೆ ಚಪ್ಪಲಿಯಿಂದ ಅರೆಯದೆ ಡಬ್ಬಿಯಲ್ಲಿ ಹಾಕಿ. ಯಾವ ಮರ, ಯಾವ ದಿನ ಅಂತ ಬರೆದಿಟ್ಟು ಕೃಷಿ ಕಾಲೇಜಿನವರಿಗೆ ತೋರಿಸಿ. ಗ್ರೀನ್‌ಪಾಯಿಂಟಿನಲ್ಲಿ ಮೊದಲು ಕಂಡವನೂ ವಿಜ್ಞಾನಿಯೇನಲ್ಲ, ನಮ್ಮಂಥವನೇ.