ಹಿತ್ತಲಿನ ಮೀನು–ತರಕಾರಿ ತೊಟ್ಟಿ: ಜಲ್ಲಿ ಮೊದಲು, ಮೀನು ಆಮೇಲೆ

ಒಂದು ತೊಟ್ಟಿಯಲ್ಲಿ ಮೀನು, ಪಕ್ಕದಲ್ಲಿ ಜಲ್ಲಿ ತುಂಬಿದ ಇನ್ನೊಂದು ತೊಟ್ಟಿಯಲ್ಲಿ ತರಕಾರಿ. ಮೀನಿನ ತೊಟ್ಟಿಯ ಕೊಳೆ ನೀರನ್ನು ಸಣ್ಣ ಪಂಪು ಜಲ್ಲಿಗೆ ಹಾಯಿಸುತ್ತದೆ. ಜಲ್ಲಿಯಲ್ಲಿ ಸೋಸಿ ತಿಳಿಯಾದ ನೀರು ಮತ್ತೆ ಮೀನಿನ ತೊಟ್ಟಿಗೆ ಇಳಿಯುತ್ತದೆ. ಗಿಡಕ್ಕೆ ಬೇರೆ ಗೊಬ್ಬರ ಹಾಕುವುದಿಲ್ಲ, ಮೀನಿನ ನೀರನ್ನು ಚೆಲ್ಲುವುದೂ ಇಲ್ಲ. ಆವಿಯಾದಷ್ಟು, ಗಿಡ ಕುಡಿದಷ್ಟು ನೀರು ತುಂಬಿಸಿದರೆ ಸಾಕು. ಇದಕ್ಕೆ ಅಕ್ವಾಪೋನಿಕ್ಸ್ ಎನ್ನುತ್ತಾರೆ. ಸಂಘಗಳಿಗೆ ಹೋದಾಗ ನಮ್ಮ ಸದಸ್ಯೆಯರು ಇತ್ತೀಚೆಗೆ ಇದರ ಬಗ್ಗೆ ಕೇಳುತ್ತಿದ್ದಾರೆ. ಹೆಚ್ಚಿನವರ ಮೊದಲ ಪ್ರಶ್ನೆ, "ಎಷ್ಟು ಮೀನು ಬಿಡಬಹುದು ಡಾಕ್ಟ್ರೇ?" ಅದಕ್ಕೆ ಉತ್ತರ ಕೊಡುವ ಮೊದಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಜಲ್ಲಿ ಎಷ್ಟು ಹಾಕುತ್ತೀರಿ? ರಾತ್ರಿ ಕರೆಂಟು ಹೋದರೆ ಏನು ಮಾಡುತ್ತೀರಿ?

ಮೊದಲೇ ಒಂದು ಮಾತು. ಹಾಲಿನ ಬಟವಾಡೆಗೆ ಸಮನಾದ ಆದಾಯ ಸಾವಿರ ಲೀಟರಿನ ತೊಟ್ಟಿಯಿಂದ ಬರುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಏಳೆಂಟು ತಿಂಗಳಿಗೆ ಸುಮಾರು 10 ಕಿಲೋ ಮೀನು, ಜೊತೆಗೆ ಮನೆ ಖರ್ಚಿಗೆ ಸೊಪ್ಪು ಸಿಗುತ್ತದೆ. ಹೀಗಿದ್ದೂ ನಮ್ಮ ಕರಾವಳಿಯಲ್ಲಿ ಇದು ಮಾಡತಕ್ಕ ಕೆಲಸ ಎನ್ನಲು ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬಂಗುಡೆ, ಬೂತಾಯಿ ಸಿಕ್ಕಿದರೂ ಮುಟ್ಟಲಾಗದ ದರ. ಅದೇ ಆಸಾಡಿಯ ಮಳೆಗೆ ಹಿತ್ತಲಿನ ಹರಿವೆ ಕೊಳೆತು ನೆಲಕ್ಕೆ ಮಲಗುತ್ತದೆ. ಮೀನೂ ಇಲ್ಲ, ಸೊಪ್ಪೂ ಇಲ್ಲ ಎನ್ನುವ ಆ ಎರಡು ತಿಂಗಳಿಗೆ ಸರಿಯಾಗಿ ಮೀನು ಬೆಳೆದು ಬರುವಂತೆ, ಮಾಡಿನ ಕೆಳಗೆ ಸೊಪ್ಪು ಇರುವಂತೆ ಲೆಕ್ಕ ಹಾಕಿದರೆ ತೊಟ್ಟಿ ಕಟ್ಟಿದ್ದು ಸಾರ್ಥಕ. ಅಂದರೆ ಮಳೆ ಹಿಂದೆ ಸರಿದ ಸೆಪ್ಟೆಂಬರ್ ಕೊನೆಗೆ ಕೆಲಸ ಶುರು, ನವೆಂಬರ್‌ನಲ್ಲಿ ಮೀನುಮರಿ, ಮೇ ಕೊನೆಯಿಂದ ಮೀನು ಹಿಡಿಯುವುದು.

ತೊಟ್ಟಿ ಕಟ್ಟುವುದು

ಅಜೋಲಾ ತೊಟ್ಟಿ ಮಾಡಿದವರಿಗೆ ಸಿಲ್ಪಾಲಿನ್ ಹಾಳೆ ಹಾಸುವ ಕೆಲಸ ಗೊತ್ತೇ ಇದೆ. ಮೀನಿಗೆ 5 ಅಡಿ ಅಡ್ಡಳತೆಯ ದುಂಡು ತೊಟ್ಟಿ ಮಾಡಿ, 2 ಅಡಿ ನೀರು ನಿಲ್ಲಿಸಿದರೆ ಸುಮಾರು 1,100 ಲೀಟರ್ ಆಗುತ್ತದೆ. ನೆಲದಲ್ಲಿ ಹೊಂಡ ತೋಡಿ ಮಾಡಬೇಡಿ. ಜೂನ್‌ನಲ್ಲಿ ಒರತೆ ಎದ್ದು ಹಾಳೆಯನ್ನು ಕೆಳಗಿನಿಂದ ಎತ್ತುತ್ತದೆ, ಅಂಗಳದ ನೀರೂ ಒಳಗೆ ನುಗ್ಗುತ್ತದೆ.

ಜಲ್ಲಿ ತೊಟ್ಟಿಗಳು ಮೀನಿನ ತೊಟ್ಟಿಗಿಂತ ಎತ್ತರದಲ್ಲಿರಬೇಕು, ನೀರು ತಾನಾಗಿ ಇಳಿಯಬೇಕಲ್ಲ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಅಡಿ ಆಳದ ಮೂರು ತೊಟ್ಟಿ ಸಾಕು. ಸೊಂಟದೆತ್ತರಕ್ಕೆ ಕಟ್ಟಿದರೆ ಬಗ್ಗದೆ ಕೆಲಸ ಮಾಡಬಹುದು. ಹಾಲು ಕರೆದು ಸಗಣಿ ಬಾಚಿ ಬೆನ್ನು ನೋಯಿಸಿಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಭಾರ ನೆನಪಿರಲಿ. ಇಷ್ಟು ದೊಡ್ಡ ಒಂದು ತೊಟ್ಟಿಗೆ ಹಿಡಿಯುವ ಜಲ್ಲಿ ಮತ್ತು ನೀರು ಸೇರಿ ಸುಮಾರು 600 ಕಿಲೋ. ಅಡಿಕೆ ದಬ್ಬೆ, ಹಳೆ ಮೇಜು ಇದಕ್ಕೆ ತಡೆಯುವುದಿಲ್ಲ. ಮುರಕಲ್ಲಿನ ಗಟ್ಟಿ ಕಟ್ಟೆಯೇ ಬೇಕು. ಕಟ್ಟೆಗೆ ಮುರಕಲ್ಲು ಒಳ್ಳೆಯದು, ತೊಟ್ಟಿಯ ಒಳಗೆ ತುಂಬಲು ಮಾತ್ರ ಬೇಡ, ಪುಡಿಯಾಗಿ ಕೆಸರಾಗುತ್ತದೆ. ಒಳಗೆ ತೊಳೆದ 20 ಎಂಎಂ ಕಪ್ಪು ಜಲ್ಲಿ ಹಾಕಿ.

ಐದು ಅಡಿ ಎತ್ತರಕ್ಕೆ ಗಂಟೆಗೆ ಸುಮಾರು 1,500 ಲೀಟರ್ ನೀರು ಎತ್ತುವ ಪಂಪು, ಅದಕ್ಕೆ ಒಂದು ಟೈಮರ್. ಕಾಲು ಗಂಟೆ ನೀರು ಏರಲಿ, ಮುಕ್ಕಾಲು ಗಂಟೆ ಇಳಿಯಲಿ. ನೀರು ಇಳಿಯುವಾಗ ಜಲ್ಲಿಯ ಸಂದಿಗೆ ಗಾಳಿ ನುಗ್ಗುತ್ತದೆ, ಬೇರು ಉಸಿರಾಡುತ್ತದೆ. ಮೀನಿನ ತೊಟ್ಟಿಗೆ ಗುಳ್ಳೆ ಬಿಡುವ ಏರೇಟರ್ ಬೇರೆಯೇ ಇರಬೇಕು, ಅದು ಹಗಲು ರಾತ್ರಿ ಓಡಬೇಕು. ಮೇಲೆ ಮಾಡು ಬೇಕೇ ಬೇಕು, ಬದಿಗೆ ಬಲೆ ಬೇಕು. ಮಿಂಚುಳ್ಳಿಗೂ ಬೆಕ್ಕಿಗೂ ನಿಮ್ಮ ತೊಟ್ಟಿಯ ವಿಳಾಸ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಜಲ್ಲಿಯ ಹೊಟ್ಟೆ

ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸ ತಂದು ದನಕ್ಕೆ ಸುರಿದ ಮರುದಿನ ನನಗೆ ಫೋನ್ ಬರುತ್ತದೆ. ಹೊಟ್ಟೆ ಉಬ್ಬಿದೆ, ಮೆಲುಕು ನಿಂತಿದೆ, ದನ ಏಳುತ್ತಿಲ್ಲ. ಮೇವನ್ನು ಜೀರ್ಣಿಸುವುದು ದನದ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳು, ಅವಕ್ಕೆ ಒಗ್ಗದ್ದನ್ನು ಒಮ್ಮೆಲೇ ಕೊಟ್ಟರೆ ಇಡೀ ದನ ಬೀಳುತ್ತದೆ ಎಂದು ನಿಮಗೆಲ್ಲ ಗೊತ್ತು. ಜಲ್ಲಿ ತೊಟ್ಟಿ ಈ ವ್ಯವಸ್ಥೆಯ ಹೊಟ್ಟೆ ಎಂದುಕೊಳ್ಳಿ.

ಮೀನು ತನ್ನ ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಅದು ಮೀನಿಗೇ ವಿಷ. ಜಲ್ಲಿಯ ಮೈಮೇಲೆ ಬೆಳೆಯುವ ಒಂದು ಬಗೆಯ ಸೂಕ್ಷ್ಮಾಣು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಮೀನಿಗೆ ಅಷ್ಟು ತೊಂದರೆ ಕೊಡದು, ಗಿಡಕ್ಕಂತೂ ಊಟ. ಈ ಸೂಕ್ಷ್ಮಾಣುಗಳು ನಮ್ಮ ಸೆಕೆಯ ಊರಿನಲ್ಲಿಯೂ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆದ್ದರಿಂದ ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ನೀರು ಓಡಿಸುತ್ತಿರಿ. ಅಕ್ವೇರಿಯಂ ಅಂಗಡಿಗಳಲ್ಲಿ ಅಮೋನಿಯಾ, ನೈಟ್ರೈಟ್, ಪಿಎಚ್ ನೋಡುವ ಕಿಟ್ ಸಿಗುತ್ತದೆ. ಅಮೋನಿಯಾ ಏರಿ ಇಳಿದು, ಆಮೇಲೆ ನೈಟ್ರೈಟ್ ಏರಿ ಇಳಿದು, ಎರಡೂ ಸೊನ್ನೆಯ ಹತ್ತಿರ ಬಂದ ಮೇಲೆಯೇ ಮರಿ ತನ್ನಿ. ನೀರು ತಿಳಿಯಾಗಿ ಕಂಡಿತೆಂದು ಮೊದಲ ವಾರವೇ ಮರಿ ಬಿಟ್ಟರೆ ಹತ್ತೇ ದಿನದಲ್ಲಿ ತೇಲುತ್ತವೆ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.

ಇನ್ನು ಎಷ್ಟು ಮೀನು ಎಂಬ ಪ್ರಶ್ನೆ. ಸೊಪ್ಪಿನ ಗಿಡಗಳಿಗೆ ಒಂದು ಚದರ ಮೀಟರ್ ಜಲ್ಲಿಗೆ ದಿನಕ್ಕೆ 40–50 ಗ್ರಾಂ ಮೀನಿನ ಆಹಾರ ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಣ್ಣ ಘಟಕಗಳಿಗೆ ಹೇಳುವ ಲೆಕ್ಕ. ಮೂರು ಚದರ ಮೀಟರಿಗೆ ದಿನಕ್ಕೆ ಹೆಚ್ಚೆಂದರೆ 150 ಗ್ರಾಂ. ಬೆಳೆದ ಮೀನು ತನ್ನ ತೂಕದ ನೂರಕ್ಕೆ ಒಂದೂವರೆಯಷ್ಟು ತಿನ್ನುತ್ತದೆ ಎಂದು ಹಿಡಿದರೆ 150 ಗ್ರಾಂ ಆಹಾರ 10 ಕಿಲೋ ಮೀನಿಗೆ ಸರಿ. ತಲಾ 300 ಗ್ರಾಂ ಲೆಕ್ಕದಲ್ಲಿ 30–35 ಮೀನು. ಸಾವಿರ ಲೀಟರಿಗೆ ನೂರಿನ್ನೂರು ಮರಿ ಬಿಡಿ ಎಂದು ಮಾರುವವರು ಹೇಳುತ್ತಾರೆ. ಮರಿ ಮಾರಿದ ಮೇಲೆ ಅವರ ಕೆಲಸ ಮುಗಿಯಿತು.

ನಮ್ಮ ಮುರಕಲ್ಲು ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ. ಸೂಕ್ಷ್ಮಾಣುಗಳ ಕೆಲಸದಿಂದ ತೊಟ್ಟಿಯ ನೀರು ಇನ್ನಷ್ಟು ಹುಳಿಯಾಗುತ್ತದೆ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಸೂಕ್ಷ್ಮಾಣುಗಳು ಸೋಮಾರಿಗಳಾಗಿ ಅಮೋನಿಯಾ ಏರತೊಡಗುತ್ತದೆ. ಇದಕ್ಕೆ ಮದ್ದು ನಮ್ಮ ಊರಿನಲ್ಲಿಯೇ ಇದೆ. ಮರುವಾಯಿ ಚಿಪ್ಪನ್ನು ಉಪ್ಪು ಹೋಗುವಂತೆ ಚೆನ್ನಾಗಿ ತೊಳೆದು, ಒಡೆದು, ಸಣ್ಣ ಬಲೆ ಚೀಲದಲ್ಲಿ ಕಟ್ಟಿ ನೀರು ಬೀಳುವಲ್ಲಿ ಇಳಿಬಿಡಿ. ಪಿಎಚ್ 7 ದಾಟಿದರೆ ಚೀಲ ತೆಗೆದಿಡಿ. ಸುಟ್ಟ ಸುಣ್ಣ ಮಾತ್ರ ಹಾಕಬೇಡಿ, ಪಿಎಚ್ ಒಮ್ಮೆಲೇ ಜಿಗಿದು ಮೀನು ಸಾಯುತ್ತದೆ. ಸೀತಾ, ಸ್ವರ್ಣಾ ನದಿಗಳ ಅಳಿವೆಯ ಹತ್ತಿರ ಇರುವವರು ಬೇಸಿಗೆಯಲ್ಲಿ ಬಾವಿ ನೀರನ್ನು ನಾಲಗೆಗೆ ಹಚ್ಚಿ ನೋಡಿ. ತಿಲಾಪಿಯಾ ಸ್ವಲ್ಪ ಉಪ್ಪು ತಡೆಯುತ್ತದೆ, ಅಲಸಂಡೆ ತಡೆಯುವುದಿಲ್ಲ.

ಬೆಳೆಗೆ ಮೊದಲ ವರ್ಷ ಬಸಳೆ, ಹರಿವೆ, ಒಂದೆಲಗ, ಪುದೀನ ಸಾಕು. ಬಸಳೆ ಈ ನೀರಿಗೆ ಹುಚ್ಚೆದ್ದು ಬೆಳೆಯುತ್ತದೆ, ಚಪ್ಪರ ಮೊದಲೇ ಹಾಕಿಡಿ. ಬೆಂಡೆ, ಬದನೆಯಂಥ ಕಾಯಿ ಬೆಳೆಗೆ ಹೆಚ್ಚು ಆಹಾರ ಬೇಕು, ಎರಡನೇ ವರ್ಷ ನೋಡಿ. ಮಟ್ಟು ಗುಳ್ಳದ ರುಚಿ ಮಟ್ಟುವಿನ ಮಣ್ಣಿನದು, ಅದನ್ನು ಜಲ್ಲಿಯಲ್ಲಿ ಹುಡುಕುವುದು ಬೇಡ.

ಹಟ್ಟಿಯಿಂದ ಬರುವ ಅಪಾಯ

ಪಶುವೈದ್ಯ ಅಧಿಕಾರಿಯಾಗಿ ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಇದು. ದನಕ್ಕೆ ಉಣ್ಣಿ ಹತ್ತಿದಾಗ ನಾವು ಹೊಡೆಯುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಔಷಧಗಳನ್ನು ಹೇಳಿದ ಪ್ರಮಾಣದಲ್ಲಿ ಬಳಸಿದರೆ ದನ ತಡೆದುಕೊಳ್ಳುತ್ತದೆ, ಮೀನು ತಡೆಯುವುದಿಲ್ಲ. ಲೀಟರಿಗೆ 2 ಮಿಲೀ ಬೆರೆಸಿ ತಯಾರಿಸಿದ ಡೆಲ್ಟಾಮೆಥ್ರಿನ್ ನೀರು ಒಂದು ಸಣ್ಣ ಲೋಟ ತೊಟ್ಟಿಗೆ ಬಿದ್ದರೆ ಸಾವಿರ ಲೀಟರಿನ ಮೀನುಗಳನ್ನೆಲ್ಲ ಕೊಲ್ಲಬಲ್ಲದು. ಸಿಂಪಡಿಸುವಾಗ ಗಾಳಿಗೆ ಹಾರುವ ಹನಿಗಳು, ಔಷಧ ಕಲಸಿದ ಬಕೆಟು, ಅದೇ ಚೊಂಬು, ತೊಳೆಯದ ಕೈ, ಎಲ್ಲವೂ ಅಪಾಯ. ಹಾಗಾಗಿ ತೊಟ್ಟಿ ಹಟ್ಟಿಯಿಂದ ದೂರವಿರಲಿ, ಹಟ್ಟಿ ತೊಳೆದ ನೀರು ಹರಿಯುವ ದಾರಿಯಲ್ಲಿ ಬೇಡವೇ ಬೇಡ. ಔಷಧದ ದಿನ ದನವನ್ನು ತೊಟ್ಟಿಯ ಬಳಿ ಕಟ್ಟಬೇಡಿ, ತೊಟ್ಟಿಗೆ ಹಾಳೆ ಮುಚ್ಚಿ, ಮೀನಿಗೆ ಆಹಾರ ಹಾಕುವ ಕೆಲಸ ಮೊದಲೇ ಮುಗಿಸಿ. ತೊಟ್ಟಿಯ ಬಕೆಟು, ಚೊಂಬು ಬೇರೆಯೇ ಬಣ್ಣದ್ದಿರಲಿ. ಹಾಲಿನ ಕ್ಯಾನು ತೊಳೆಯುವ ಸೋಡಾ, ಬ್ಲೀಚಿಂಗ್ ಪುಡಿಗೂ ಇದೇ ಮಾತು. ಗಿಡಕ್ಕೆ ಹುಳ ಬಂದರೆ ಕೈಯಲ್ಲಿ ಆರಿಸಿ ತೆಗೆಯಿರಿ. ಬೇವಿನ ಎಣ್ಣೆ, ಸಾಬೂನು ನೀರು ಕೂಡ ಕೆಳಗಿಳಿದರೆ ಕಿವಿರಿಗೆ ಕೆಡುಕು.

ಸಗಣಿ ಹಾಕಬಹುದೇ ಎಂದು ಹಲವರು ಕೇಳಿದ್ದಾರೆ. ಮಣ್ಣಿನ ಕೆರೆಯಲ್ಲಿ ಕಾಟ್ಲಾ, ರೋಹು ಸಾಕುವಾಗ ಸಗಣಿ ಹಾಕುವ ಕ್ರಮವಿದೆ, ನಿಜ. ಅಲ್ಲಿ ನೀರು ವಿಶಾಲ, ಮೀನು ವಿರಳ. ಈ ಪುಟ್ಟ ತೊಟ್ಟಿಯಲ್ಲಿ ಸಗಣಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುತ್ತದೆ, ಅದರ ರೋಗಾಣುಗಳು ಸೊಪ್ಪಿನ ಮೂಲಕ ನಿಮ್ಮ ಮಕ್ಕಳ ತಟ್ಟೆಗೆ ಬರುತ್ತವೆ. ಗೋಮೂತ್ರವೂ ಬೇಡ. ಪಶು ಆಹಾರದಲ್ಲಿ ಮೆಲುಕು ಹಾಕುವ ಪ್ರಾಣಿಗೆ ಮಾತ್ರ ಒಗ್ಗುವ ಯೂರಿಯಾ ಇರಬಹುದು, ಅದನ್ನೂ ಮೀನಿಗೆ ಹಾಕಬೇಡಿ. ಅಜೋಲಾವನ್ನು ತಿಲಾಪಿಯಾ ಇಷ್ಟಪಟ್ಟು ತಿನ್ನುತ್ತದೆ, ಆದರೆ ಅದು ಸಗಣಿ ನೀರಿನಲ್ಲಿ ಬೆಳೆದದ್ದು. ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆದು ಕೊಡಿ. ಮೀನಿಗೆ ಕಾಯಿಲೆ ಬಂದರೆ ದನಕ್ಕೆ ತಂದು ಉಳಿದ ಆಂಟಿಬಯಾಟಿಕ್ ಸುರಿಯುವ ಯೋಚನೆ ಬೇಡ. ಜಲ್ಲಿಯ ಸೂಕ್ಷ್ಮಾಣುಗಳು ಸಾಯುತ್ತವೆ, ಔಷಧದ ಶೇಷ ಸೊಪ್ಪಿಗೂ ಮೀನಿಗೂ ಸೇರುತ್ತದೆ.

ಹಟ್ಟಿಗೆ ಇದರಿಂದ ಲಾಭವೂ ಇದೆ. ತೊಟ್ಟಿಯ ತಳದಲ್ಲಿ ಕೂರುವ ಕೆಸರನ್ನು ವಾರಕ್ಕೊಮ್ಮೆ ಪೈಪಿನಿಂದ ಎಳೆದು ನೇಪಿಯರ್ ಹುಲ್ಲಿನ ಬುಡಕ್ಕೆ ಬಿಡಿ.

ಕರೆಂಟು ಹೋದಾಗ

ಹತ್ತು ಕಿಲೋ ಮೀನು ಗಂಟೆಗೆ ಸುಮಾರು 3 ಗ್ರಾಂ ಆಮ್ಲಜನಕ ಬಳಸುತ್ತದೆ. ಸಾವಿರ ಲೀಟರ್ ಬಿಸಿ ನೀರಿನಲ್ಲಿ ಇರುವುದೇ 7 ಗ್ರಾಂನಷ್ಟು. ಏರೇಟರ್ ನಿಂತರೆ ಎರಡು ಗಂಟೆಯೊಳಗೆ ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ರಾತ್ರಿಯಿಡೀ ಕರೆಂಟು ಇಲ್ಲದಿರುವುದು ನಮಗೆ ಹೊಸತೇ? ಮೀನು ದೊಡ್ಡದಾಗುವುದೂ ಅದೇ ಹೊತ್ತಿಗೆ. ಬ್ಯಾಟರಿಯ ಏರೇಟರ್ ಮೊದಲ ದಿನವೇ ಬೇಕು, ಹಣ ಕಡಿಮೆಯಿದ್ದರೆ ಮೀನು ಕಡಿಮೆ ಬಿಡಿ. ಕರೆಂಟು ಇಲ್ಲದಾಗ ಆಹಾರ ಹಾಕಬೇಡಿ. ಬ್ಯಾಟರಿಯೂ ಮುಗಿದರೆ ಚೊಂಬಿನಲ್ಲಿ ನೀರೆತ್ತಿ ಎತ್ತರದಿಂದ ಸುರಿಯುವುದೊಂದೇ ದಾರಿ. ಮೇ ಕೊನೆಯಿಂದ ವಾರಕ್ಕೆ ಮೂರು ನಾಲ್ಕು ದೊಡ್ಡ ಮೀನು ಹಿಡಿಯುತ್ತಾ ಬಂದರೆ ತೊಟ್ಟಿಯ ಭಾರವೂ ಇಳಿಯುತ್ತದೆ, ಸಾರಿಗೂ ಆಯಿತು.

ದೊಡ್ಡದು ಮಾಡುವಾಗ

ಒಂದು ಬೆಳೆ ಸರಿಯಾಗಿ ಬಂದ ಮೇಲೆ ಹೆಚ್ಚಿಸುವ ಆಸೆ ಸಹಜ. ಆಗ ಎಡವುವುದು ಹೀಗೆ: ಇನ್ನೂ ಮೂರು ಜಲ್ಲಿ ತೊಟ್ಟಿ ಕಟ್ಟುತ್ತಾರೆ, ಮೀನಿನ ತೊಟ್ಟಿ ಅದೇ. ಒಂದೊಂದು ಜಲ್ಲಿ ತೊಟ್ಟಿ ತುಂಬಲು 120 ಲೀಟರ್ ನೀರು ಬೇಕು. ಮೂರಕ್ಕೆ 360 ಲೀಟರ್ ಏರಿದಾಗ ಮೀನಿಗೆ ಮೂರರಲ್ಲಿ ಎರಡು ಪಾಲು ನೀರು ಉಳಿಯುತ್ತದೆ. ಆರಕ್ಕೆ 720 ಲೀಟರ್ ಏರಿದರೆ ಮೀನಿಗೆ ಗೇಣೆತ್ತರದ ನೀರೂ ಇರುವುದಿಲ್ಲ. ಆದ್ದರಿಂದ ಮೊದಲು ಪ್ರತ್ಯೇಕ ತಗ್ಗು ತೊಟ್ಟಿ ಇಟ್ಟು ಪಂಪನ್ನು ಅದರಲ್ಲಿ ಇಡಿ, ಇಲ್ಲವೇ ಮೂರು ಮೂರು ತೊಟ್ಟಿಗಳಿಗೆ ಸರದಿಯಲ್ಲಿ ನೀರು ಬಿಡಿ. ಹೊಸ ಜಲ್ಲಿಗೆ ಹಳೆ ಜಲ್ಲಿಯ ಒಂದೆರಡು ಬುಟ್ಟಿ ಬೆರೆಸಿದರೆ ಸೂಕ್ಷ್ಮಾಣು ಬೇಗ ಹಬ್ಬುತ್ತದೆ, ಮೊಸರಿಗೆ ಹೆಪ್ಪು ಹಾಕಿದಂತೆ. ಬ್ಯಾಟರಿಯನ್ನೂ ದೊಡ್ಡದು ಮಾಡಿ. ಮೀನು ಹೆಚ್ಚಿಸುವುದು ಇದೆಲ್ಲ ಆದ ಮೇಲೆ, ಅದೂ ಎರಡನೇ ತೊಟ್ಟಿಯಲ್ಲಿ, ಬೇರೆ ಪಂಪಿನಲ್ಲಿ. ಒಂದಕ್ಕೆ ರೋಗ ಬಂದರೆ ಇನ್ನೊಂದು ಉಳಿಯಬೇಕು. ಸಂತೆಯಿಂದ ತಂದ ದನವನ್ನು ಬೇರೆ ಕಟ್ಟುವಂತೆ ಹೊಸ ಮರಿಗಳನ್ನೂ ಎರಡು ವಾರ ಬೇರೆ ಟಬ್ಬಿನಲ್ಲಿ ಇಟ್ಟು ನೋಡಿ.

ಒಬ್ಬೊಬ್ಬರೇ ಎಲ್ಲ ಕೊಳ್ಳಬೇಕೆಂದಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯ ಚೆರಾಯಿಯಲ್ಲಿ ಪಳ್ಳಿಪ್ಪುರಂ ಸರ್ವಿಸ್ ಸಹಕಾರಿ ಬ್ಯಾಂಕು ಮುಂದೆ ನಿಂತು ಮನೆಗಳ ಹಿತ್ತಲಿನಲ್ಲಿ ಇದೇ ಕೆಲಸ ಮಾಡಿಸಿತು. ನಮ್ಮ ಹಾಲಿನ ಸಂಘದಲ್ಲಿ ನಾಲ್ಕೈದು ಸದಸ್ಯೆಯರು ಸೇರಿದರೆ ಒಂದೇ ಪರೀಕ್ಷೆ ಕಿಟ್ ಸಾಕಾಗುತ್ತದೆ, ಮರಿಗಳನ್ನೂ ಒಟ್ಟಿಗೆ ತರಿಸಬಹುದು.

ಮರಿ ಕೊಳ್ಳುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಬನ್ನಿ. ತಿಲಾಪಿಯಾ ಸಾಕಲು ಅನುಮತಿಯ ನಿಯಮಗಳಿವೆ. ಅದು ತೋಡು, ಹೊಳೆಗೆ ಸೇರಿದರೆ ನಮ್ಮ ಊರಿನ ಮೀನುಗಳಿಗೆ ಕಂಟಕ, ಹಾಗಾಗಿ ತೊಟ್ಟಿ ತುಂಬಿ ಹರಿಯುವ ಪೈಪಿಗೆ ಸಣ್ಣ ಕಣ್ಣಿನ ಜಾಳಿಗೆ ಕಟ್ಟಲೇಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ, ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ಘಟಕ ವೆಚ್ಚದ ಶೇ. 60ರವರೆಗೆ ಸಹಾಯಧನಕ್ಕೆ ಅವಕಾಶ ಕೊಟ್ಟಿದ್ದಾರೆ. ಈ ವರ್ಷ ಯಾವ ಘಟಕಕ್ಕೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಅಲ್ಲಿಯೇ ವಿಚಾರಿಸಿ. ತರಕಾರಿಯ ಸಲಹೆಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವಿದೆ. ಉಣ್ಣಿ ಔಷಧದ ವಿಷಯಕ್ಕೆ ಮಾತ್ರ ಮೊದಲು ನಮಗೆ ಫೋನ್ ಮಾಡಿ, ಮನೆಯಲ್ಲಿ ಮೀನಿನ ತೊಟ್ಟಿ ಇದೆ ಎಂದು ತಿಳಿಸಿ.