ಬಳಸುವವರನ್ನು ಕೇಳುವ ಬಗೆ

ಯಂತ್ರವಾಗಲಿ, ಅರ್ಜಿಯ ನಮೂನೆಯಾಗಲಿ, ಅದನ್ನು ಮಾಡಿದವನಿಗೆ ಸುಲಭವಾಗಿಯೇ ತೋರುತ್ತದೆ. ಬಳಸುವವನಿಗೆ ಅದು ಹೇಗಿದೆಯೆಂಬುದನ್ನು ಅವನನ್ನೇ ಕೇಳಿ ತಿಳಿಯಬೇಕು. ಕೇಳುವುದೇನು ಮಹಾ ವಿದ್ಯೆ ಎನ್ನಬಹುದು. ಆದರೆ ಕೇಳುವ ರೀತಿ ತಪ್ಪಿದರೆ ಬರುವ ಉತ್ತರವೂ ತಪ್ಪುತ್ತದೆ. ಇದಕ್ಕೊಂದು ನಿದರ್ಶನವನ್ನು ನೋಡೋಣ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧವಿಮಾನಗಳ ಎಷ್ಟೋ ಅಪಘಾತಗಳಿಗೆ 'ಚಾಲಕನ ದೋಷ' ಎಂದು ಬರೆದು ಕಡತ ಮುಚ್ಚುವುದು ವಾಡಿಕೆಯಾಗಿತ್ತು. ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ವಿಮಾನದ ಹಿಡಿಗಳನ್ನು ನಡೆಸುವಾಗ ತಾವು ಮಾಡಿದ, ಇಲ್ಲವೆ ಬೇರೆಯವರು ಮಾಡಿದುದನ್ನು ಕಂಡ ತಪ್ಪೊಂದನ್ನು ನಡೆದಂತೆಯೇ ವಿವರಿಸಬೇಕೆಂದು ಅವರು ಚಾಲಕರನ್ನು ಕೇಳಿದರು. 'ಬೇರೆಯವರು' ಎಂಬ ಒಂದು ಮಾತು ಹೇಳುವವನ ಸಂಕೋಚವನ್ನು ಎಷ್ಟೋ ಕಡಮೆ ಮಾಡುತ್ತದೆಯಲ್ಲವೆ?

1947ರ ಅವರ ವರದಿಯಲ್ಲಿ ಇಂಥ 460 ಪ್ರಸಂಗಗಳ ವಿಶ್ಲೇಷಣೆಯಿದೆ. ಸುಮಾರು ಅರ್ಧದಷ್ಟು ಪ್ರಸಂಗಗಳಲ್ಲಿ ಚಾಲಕನು ಒಂದು ಹಿಡಿಗೆ ಬದಲಾಗಿ ಮತ್ತೊಂದನ್ನು ಹಿಡಿದಿದ್ದನು. ಚಕ್ರಗಳ ಹಿಡಿಯೂ ರೆಕ್ಕೆಯ ಫ್ಲ್ಯಾಪುಗಳ ಹಿಡಿಯೂ ಪಕ್ಕಪಕ್ಕದಲ್ಲಿ ಒಂದೇ ಬಗೆಯಾಗಿದ್ದರೆ ದಣಿದ ಕೈಗೆ ಭೇದ ತಿಳಿಯುವುದೆಂತು? ದೋಷವಿದ್ದುದು ಕೈಯಲ್ಲಲ್ಲ, ಹಿಡಿಯಲ್ಲಿ. ಇಂದು ದೊಡ್ಡ ವಿಮಾನಗಳಲ್ಲಿ ಚಕ್ರಗಳ ಹಿಡಿಯ ತುದಿ ಚಕ್ರದಂತೆಯೂ ಫ್ಲ್ಯಾಪಿನದು ರೆಕ್ಕೆಯಂತೆಯೂ ಇರುತ್ತದೆ, ಮುಟ್ಟಿದೊಡನೆ ತಿಳಿಯುತ್ತದೆ.

ಹೀಗೆ ನಿಜವಾಗಿ ನಡೆದ ಪ್ರಸಂಗಗಳನ್ನು ಕೇಳಿ ಸಂಗ್ರಹಿಸುವ ಕ್ರಮವನ್ನು ಜಾನ್ ಫ್ಲ್ಯಾನಗನ್ 1954ರಲ್ಲಿ ಒಂದು ಪ್ರಬಂಧದಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದನು.

ಈ ಕ್ರಮ ನಮ್ಮ ಊರಿನಲ್ಲಿಯೂ ಸಲ್ಲುತ್ತದೆ. ಬ್ಯಾಂಕಿನ ಹಣದ ಯಂತ್ರದ ಮುಂದೆ ನಿಂತ ಮುದುಕಿಯನ್ನು "ಯಂತ್ರ ಸುಲಭವಾಗಿದೆಯೇ, ಅಜ್ಜಿ?" ಎಂದರೆ, ಕೇಳಿದವರ ಮನಸ್ಸು ನೋಯಬಾರದೆಂದು ಆಕೆ "ಚೆನ್ನಾಗಿದೆಯಪ್ಪಾ" ಎಂದಾಳು. "ಹೋದ ಸಲ ಹಣ ತೆಗೆಯಲು ಬಂದಾಗ ಏನೇನಾಯಿತು? ಮೊದಲಿಂದ ಹೇಳಿ" ಎನ್ನಿ. ಪಕ್ಕದವರ ಕೈಗೆ ಕಾರ್ಡು ಕೊಟ್ಟು, ಗುಟ್ಟಿನ ಸಂಖ್ಯೆಯನ್ನೂ ಹೇಳಿದ ಸಂಗತಿ ಆಗ ಹೊರಬರಬಹುದು. ಅವಳ ಉಳಿತಾಯವೆಲ್ಲ ಇಂಥ ಒಂದು ಸಂಗತಿಯ ಮೇಲೆ ನಿಂತಿರುತ್ತದೆ.

ಆದುದರಿಂದ ಕೇಳುವವನು ನೆನಪಿಡಬೇಕಾದುವು ಇಷ್ಟು: ಅಭಿಪ್ರಾಯಕ್ಕಿಂತ ಅನುಭವವನ್ನು ಕೇಳಬೇಕು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಬಾರದು. ಹೇಳುವವರು ತಡೆದು ನಿಂತಾಗ ಬಾಯಿ ಹಾಕದೆ ಕಾಯಬೇಕು. "ಅದು ಹಾಗಲ್ಲ" ಎಂದು ತಿದ್ದಲು ಹೋಗಬಾರದು. ತಿದ್ದಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅವರ ಮಾತನ್ನು ಅವರ ನುಡಿಯಲ್ಲಿಯೇ ಬರೆದುಕೊಳ್ಳಬೇಕು.

ಬಳಸುವವನು ತಪ್ಪಿದನೆಂದು ತೀರ್ಪು ಕೊಡುವುದು ಸುಲಭ. ಅವನು ತಪ್ಪುವಂತೆ ಮಾಡಿದುದು ಯಾವುದೆಂದು ಕೇಳಿ ತಿಳಿಯುವುದೇ ನಿಜವಾದ ವಿದ್ಯೆ.